ಕೆರೆಯ ಉಸಿರಿನ ಲೆಕ್ಕ: ಮೀನು ಹೆಚ್ಚಾದರೆ ನೀರು ಯಾಕೆ ಕೆಡುತ್ತೆ?

ಬೇಸಿಗೆಯ ಒಂದು ಬೆಳಗ್ಗೆ. ನಿಮ್ಮೂರ ಕೆರೆಯಲ್ಲಿ ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿವೆ. ಕಟ್ಟೆ ಮೇಲೆ ಜನ ಸೇರಿದ್ದಾರೆ. ಅಲ್ಲಿ ಮೊದಲು ಕೇಳುವ ಮಾತು ಯಾವುದು ಹೇಳಿ? "ಯಾರೋ ಮದ್ದು ಹಾಕಿದ್ದಾರೆ." ಎರಡನೇ ಮಾತು? "ಯಾರು?" ಮೂರನೇ ಮಾತಿಗೆ ಒಂದು ಹೆಸರು ಬಂದೇ ಬರುತ್ತೆ.

ನಾನು ಪಾಠ ಮಾಡುತ್ತಿದ್ದ ಒಂದು ಊರಿನಲ್ಲಿ ಹೀಗೇ ಆಯಿತು. ಏಪ್ರಿಲ್ ಕೊನೆ, ಪರೀಕ್ಷೆ ಸಮಯ. ಕೆರೆ ಪಕ್ಕದಲ್ಲೇ ಟೊಮೆಟೊ ಹಾಕಿದ್ದ ಒಬ್ಬ ರೈತ ಹಿಂದಿನ ದಿನ ಗಿಡಕ್ಕೆ ಮದ್ದು ಹೊಡೆದಿದ್ದ. ಕೆರೆಯಲ್ಲಿ ಡ್ರಮ್ಮು ತೊಳೆದ ಅಂತ ಯಾರೋ ಅಂದರು. ಅಷ್ಟೇ ಸಾಕಾಯಿತು. ಅವನ ಮಗ ನಮ್ಮ ಏಳನೇ ತರಗತಿಯ ಹುಡುಗ. ಮಧ್ಯಾಹ್ನ ನನ್ನ ಹತ್ತಿರ ಬಂದು, "ಸಾರ್, ನಮ್ಮಪ್ಪ ಹಾಕಿಲ್ಲ ಸಾರ್" ಅಂದ. ಆಮೇಲೆ ಒಂದು ವಾರ ಶಾಲೆಗೇ ಬರಲಿಲ್ಲ.

ವಿಜ್ಞಾನ ಹೇಳುವ ಮೇಷ್ಟ್ರು ನಾನು. ಆದರೆ ಆ ದಿನ "ಹೌದು" ಅಂತಲೂ "ಇಲ್ಲ" ಅಂತಲೂ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ನಾನು ಕೆರೆ ಹತ್ತಿರ ಹೋಗಿದ್ದೇ ಒಂಬತ್ತು ಗಂಟೆಗೆ. ನೀರು ಹಿಡಿದಿಟ್ಟಿರಲಿಲ್ಲ. ಯಾವ ಮೀನು ಸತ್ತಿದೆ, ಯಾವುದು ಬದುಕಿದೆ ಅಂತ ಸರಿಯಾಗಿ ಬರೆದುಕೊಳ್ಳಲಿಲ್ಲ. ಆ ನಂತರ ಓದಿ, ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಊರಿನಲ್ಲಿ ಇಂಥ ಬೆಳಗ್ಗೆ ಬಂದಾಗ ನೀವು ನನ್ನ ಹಾಗೆ ಸುಮ್ಮನೆ ನಿಲ್ಲಬಾರದು.

ಹೆಚ್ಚು ಮರಿ ಬಿಡುವುದು ಯಾಕೆ?

ಮಾರಂಡಹಳ್ಳಿ, ಪಾಲಕ್ಕೋಡು, ಪಂಚಪಳ್ಳಿ ಸುತ್ತಮುತ್ತ ಕೆರೆ-ಕುಂಟೆಗಳಿಗೆ ಕೊರತೆ ಇಲ್ಲ. ತಮಿಳಿನಲ್ಲಿ 'ಏರಿ' ಅಂದರೆ ಕೆರೆ, ಕನ್ನಡದಲ್ಲಿ 'ಏರಿ' ಅಂದರೆ ಕೆರೆಯ ಕಟ್ಟೆ. ನಮ್ಮ ಮಕ್ಕಳಿಗೆ ಎರಡೂ ಗೊತ್ತು. ಮಳೆ ಬಂದರೆ ತುಂಬುವ ಈ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಏಲ ಹಾಕುವುದು ರೂಢಿ. ಏಲ ಹಿಡಿದವನಿಗೆ ನೀರು ಇರುವಷ್ಟು ತಿಂಗಳು ಮಾತ್ರ ಕಾಲ. ಅಷ್ಟರಲ್ಲಿ ಹಾಕಿದ ದುಡ್ಡು ತೆಗೆಯಬೇಕು. ಅದಕ್ಕೆ ಅವನ ಲೆಕ್ಕ ಹೀಗಿರುತ್ತೆ: "ಸಾವಿರ ಮರಿ ಬಿಟ್ಟರೆ ಇಷ್ಟು ಬರುತ್ತೆ, ಐದು ಸಾವಿರ ಬಿಟ್ಟರೆ ಐದರಷ್ಟು ಬರುತ್ತೆ." ದುರಾಸೆ ಅಂತ ಬೈಯುವುದು ಸುಲಭ. ಆದರೆ ಆತಂಕದಲ್ಲಿ ಇರುವ ಯಾರಾದರೂ ಹೀಗೇ ಲೆಕ್ಕ ಹಾಕುತ್ತಾರೆ.

ಹಿಂದೆ ಹೀಗೆ ಮಾಡಬೇಕು ಅಂದರೂ ಆಗುತ್ತಿರಲಿಲ್ಲ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಮಳೆಗಾಲದಲ್ಲಿ ಹರಿಯುವ ನದಿಯಿಂದಲೇ ಮರಿ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಜೊತೆಯವರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನುಗಳು ಸಾಕಣೆಯಲ್ಲೇ ಮೊಟ್ಟೆ ಇಡುವಂತೆ ಮಾಡಿದರು. ಅದೇ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ ಅಂತ ಆಚರಿಸುತ್ತಾರೆ. ಅಲ್ಲಿಂದ ಮುಂದೆ ಮರಿಗಳಿಗೆ ಬರ ಇಲ್ಲ. ದೇಶಕ್ಕೆ ಅದು ದೊಡ್ಡ ವರ. ಆದರೆ ಮರಿ ಎಷ್ಟು ಬೇಕಾದರೂ ಸಿಗುತ್ತೆ ಅಂದಮೇಲೆ ಕೆರೆ ಎಷ್ಟನ್ನು ತಾಳುತ್ತೆ ಅಂತ ಕೇಳುವವರು ಕಡಿಮೆಯಾದರು.

ಗಾಳ ಹಾಕಿ ಮೀನು ಹಿಡಿಯುವುದನ್ನೇ ಹವ್ಯಾಸ ಮಾಡಿಕೊಂಡವರಿಗಾಗಿ ಇರುವ ಕೆರೆಗಳದ್ದೂ ಇದೇ ಕತೆ. ಇಂಗ್ಲೆಂಡಿನಲ್ಲಿ ದುಡ್ಡು ಕೊಟ್ಟು ಗಾಳ ಹಾಕುವ ಕೆರೆಗಳು ಬಹಳ ಇವೆ. ದುಡ್ಡು ಕೊಟ್ಟವನು ಬರಿಗೈಲಿ ಹೋಗಬಾರದು ಅಂತ ಅಲ್ಲಿ ಗೆಂಡೆ ಮೀನನ್ನು ಕಿಕ್ಕಿರಿಯುವ ಹಾಗೆ ತುಂಬುವವರಿದ್ದಾರೆ. ಅದರ ಮೇಲೆ ಗಾಳ ಹಾಕುವವರು ದಿನವೂ ಎರಚುವ ತಿಂಡಿ ಬೇರೆ. ನಮ್ಮಲ್ಲಿ ಏಲದ ಆತಂಕ, ಅಲ್ಲಿ ಗಿರಾಕಿಯ ಆತಂಕ. ನೀರಿಗೆ ಆಗುವುದು ಮಾತ್ರ ಒಂದೇ.

ನೀರಿನಲ್ಲಿ ಗಾಳಿ ಎಷ್ಟು?

ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇದೆ. ಒಂದು ಲೀಟರ್ ನೀರಿನಲ್ಲಿ? 20 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 9.1 ಮಿಲಿಗ್ರಾಂ ಕರಗಬಲ್ಲದು. 25 ಡಿಗ್ರಿಯಲ್ಲಿ 8.3, 30 ಡಿಗ್ರಿಯಲ್ಲಿ 7.6. ಇದು ಸಮುದ್ರಮಟ್ಟದ ಲೆಕ್ಕ. ನಮ್ಮ ಎತ್ತರದ ಊರುಗಳಲ್ಲಿ ಇನ್ನೂ ಸ್ವಲ್ಪ ಕಡಿಮೆ. ಅಂದರೆ ನಾವು ಉಸಿರಾಡುವ ಗಾಳಿಗಿಂತ ಸುಮಾರು ಮೂವತ್ತೈದು ಪಟ್ಟು ಬಡವಾದ ಜಾಗದಲ್ಲಿ ಮೀನು ಬದುಕುತ್ತೆ.

ಇನ್ನೊಂದು ಕಷ್ಟ ನೋಡಿ. ಬೇಸಿಗೆಯಲ್ಲಿ ನೀರು ಕಾದಷ್ಟೂ ಆಮ್ಲಜನಕ ಕರಗುವುದು ಕಡಿಮೆ. ಅದೇ ಹೊತ್ತಿಗೆ ಮೀನಿನ ಮೈಯೂ ಕಾಯುತ್ತೆ, ಅದಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತೆ. ಸಂಬಳ ಕಡಿಮೆಯಾದ ತಿಂಗಳಲ್ಲೇ ಮನೆ ಖರ್ಚು ಹೆಚ್ಚಾದ ಹಾಗೆ. ಗೆಂಡೆ ಜಾತಿಯ ಮೀನುಗಳು ಚೆನ್ನಾಗಿ ಬೆಳೆಯಬೇಕಾದರೆ ಲೀಟರಿಗೆ 5 ಮಿಲಿಗ್ರಾಂ ಆದರೂ ಇರಬೇಕು. 3ಕ್ಕಿಂತ ಇಳಿದರೆ ಮೇವು ಬಿಡುತ್ತವೆ, ಸೊರಗುತ್ತವೆ. 1ಕ್ಕಿಂತ ಕೆಳಗೆ ಬಹಳ ಹೊತ್ತು ನಿಂತರೆ ಸಾಯುತ್ತವೆ.

ಕೆರೆಗೆ ಆಮ್ಲಜನಕ ಬರುವ ದಾರಿ ಎರಡೇ. ಒಂದು, ಮೇಲಿನ ಗಾಳಿಯಿಂದ ಕರಗುವುದು, ಇದು ನಿಧಾನ. ಎರಡು, ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದ ಪಾಚಿ, ಅಂದರೆ ಸಸ್ಯಪ್ಲವಕ, ಬಿಸಿಲಿನಲ್ಲಿ ದ್ಯುತಿಸಂಶ್ಲೇಷಣೆ ಮಾಡಿ ಬಿಡುವುದು. ಕೆರೆಯ ದೊಡ್ಡ ಆದಾಯ ಇದೇ. ಆದರೆ ಇದು ಹಗಲಿನ ಆದಾಯ. ರಾತ್ರಿಯಾದರೆ ಅದೇ ಪಾಚಿಯೂ ಉಸಿರಾಡುತ್ತೆ, ಕೊಟ್ಟಿದ್ದನ್ನೇ ವಾಪಸ್ ಕೇಳುತ್ತೆ. ಆದ್ದರಿಂದ ಕೆರೆಯಲ್ಲಿ ಆಮ್ಲಜನಕ ಅತಿ ಹೆಚ್ಚು ಇರುವುದು ಮಧ್ಯಾಹ್ನ ಮೂರು-ನಾಲ್ಕು ಗಂಟೆಗೆ, ಅತಿ ಕಡಿಮೆ ಇರುವುದು ಸೂರ್ಯ ಹುಟ್ಟುವ ಮುಂಚೆ. ಮೀನು ಸಾಯುವುದು ಸಾಮಾನ್ಯವಾಗಿ ಬೆಳಗಿನ ಜಾವ ಯಾಕೆ ಅಂತ ಈಗ ಗೊತ್ತಾಯಿತಲ್ಲ?

ಒಂದು ರಾತ್ರಿಯ ಖರ್ಚು

ಎಂಟು, ಒಂಬತ್ತನೇ ತರಗತಿಯ ಮಕ್ಕಳ ಕೈಲಿ ಈ ಲೆಕ್ಕ ಮಾಡಿಸಿ. ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆಯ ಕೆರೆ. ಆಳ ಒಂದು ಮೀಟರ್. ಅದರಲ್ಲಿ 10,000 ಘನ ಮೀಟರ್, ಅಂದರೆ ಒಂದು ಕೋಟಿ ಲೀಟರ್ ನೀರು. ಸಂಜೆ ಆರಕ್ಕೆ ಲೀಟರಿಗೆ 8 ಮಿಲಿಗ್ರಾಂ ಆಮ್ಲಜನಕ ಇದೆ ಅಂತ ಇಟ್ಟುಕೊಳ್ಳಿ. ಒಟ್ಟು 80 ಕೆಜಿ. ರಾತ್ರಿ ಹನ್ನೆರಡು ಗಂಟೆ ಕಳೆಯಲು ಕೆರೆಯ ಗಂಟಿನಲ್ಲಿ ಇರುವುದು ಇಷ್ಟೇ.

ಒಂದು ಕೆಜಿ ಮೀನು ಗಂಟೆಗೆ ಸುಮಾರು 300 ಮಿಲಿಗ್ರಾಂ ಆಮ್ಲಜನಕ ಬಳಸುತ್ತೆ ಅನ್ನಿ. ಕೆರೆಯಲ್ಲಿ 1,000 ಕೆಜಿ ಮೀನು ಇದ್ದರೆ ಹನ್ನೆರಡು ಗಂಟೆಗೆ 3.6 ಕೆಜಿ. ಸಾಧಾರಣ ಹಸಿರಿನ ನೀರಿನಲ್ಲಿ ಪಾಚಿ, ಬ್ಯಾಕ್ಟೀರಿಯಾ ಎಲ್ಲ ಸೇರಿ ಲೀಟರಿಗೆ 3 ಮಿಲಿಗ್ರಾಂ ತಿಂದರೆ 30 ಕೆಜಿ. ತಳದ ಕೆಸರು 7 ಕೆಜಿ. ಬೆಳಗ್ಗೆಗೆ ಉಳಿಯುವುದು ಸುಮಾರು 39 ಕೆಜಿ, ಲೀಟರಿಗೆ 4 ಮಿಲಿಗ್ರಾಂ ಹತ್ತಿರ. ಮೀನು ಬದುಕುತ್ತೆ.

ಈಗ ಅದೇ ಕೆರೆಯಲ್ಲಿ 5,000 ಕೆಜಿ ಮೀನು. ಉಸಿರಿಗೆ 18 ಕೆಜಿ. ಮೇವು, ಗೊಬ್ಬರ ಹಾಕಿ ಹಾಕಿ ನೀರು ಕಡು ಹಸಿರಾಗಿದೆ. ಪಾಚಿ ಮತ್ತು ಬ್ಯಾಕ್ಟೀರಿಯಾಕ್ಕೆ 50 ಕೆಜಿ. ಕೆಸರಿಗೆ 10 ಕೆಜಿ. ಒಟ್ಟು 78. ಉಳಿದದ್ದು 2 ಕೆಜಿ, ಲೀಟರಿಗೆ 0.2 ಮಿಲಿಗ್ರಾಂ! ಇವು ಉದಾಹರಣೆಯ ಅಂಕಿಗಳು, ಕೆರೆಯಿಂದ ಕೆರೆಗೆ ಬದಲಾಗುತ್ತವೆ. ಆದರೆ ಎರಡನೇ ಲೆಕ್ಕವನ್ನು ಇನ್ನೊಮ್ಮೆ ನೋಡಿ. 78 ಕೆಜಿಯಲ್ಲಿ ಮೀನು ತಾನೇ ಉಸಿರಾಡಿದ್ದು 18 ಮಾತ್ರ, ಕಾಲುಭಾಗಕ್ಕಿಂತ ಕಡಿಮೆ. ಮಿಕ್ಕಿದ್ದನ್ನು ತಿಂದದ್ದು ಪಾಚಿ, ಬ್ಯಾಕ್ಟೀರಿಯಾ ಮತ್ತು ಕೆಸರು.

ಈ ವಿಷಯದಲ್ಲಿ ಮುಖ್ಯವಾಗಿ ತಿಳಿಯಬೇಕಾದದ್ದು ಇದೇ. "ಮೀನು ಹೆಚ್ಚಾಯಿತು, ಉಸಿರಾಡುವ ಬಾಯಿ ಹೆಚ್ಚಾಯಿತು, ಅದಕ್ಕೆ ಸತ್ತವು" ಅಂತ ನಾವು ಅಂದುಕೊಳ್ಳುತ್ತೇವೆ. ಅದು ಅರ್ಧ ಸತ್ಯ. ಹೆಚ್ಚು ಮೀನಿನ ಹಿಂದೆ ಹೆಚ್ಚು ಮೇವು ಬರುತ್ತೆ, ಹೆಚ್ಚು ಹಿಕ್ಕೆ ಬರುತ್ತೆ, ಅದರಿಂದ ಹೆಚ್ಚು ಪಾಚಿ ಬರುತ್ತೆ. ಕೊಲ್ಲುವುದು ಆ ಹಿಂದೆ ಬಂದ ದಂಡು.

ಇನ್ನೊಂದು ಪ್ರಶ್ನೆ ನಿಮಗೆ ಬಂದಿರಬಹುದು. "ಆರು ತಿಂಗಳು ಚೆನ್ನಾಗೇ ಇತ್ತಲ್ಲ, ಒಂದೇ ರಾತ್ರೀಲಿ ಯಾಕೆ ಸತ್ತವು?" ಒಳ್ಳೆಯ ಬಿಸಿಲಿದ್ದ ದಿನ ಹಸಿರು ನೀರಿನಲ್ಲಿ ಸಂಜೆ ಹೊತ್ತಿಗೆ 8ಕ್ಕಿಂತಲೂ ಹೆಚ್ಚು ಆಮ್ಲಜನಕ ತುಂಬಿರುತ್ತೆ. ಹಾಗಾಗಿ ರಾತ್ರಿ ಹೇಗೋ ದಾಟುತ್ತೆ. ಎರಡು ದಿನ ಮೋಡ ಕವಿಯಿತು ಅನ್ನಿ. ಆದಾಯ ಇಲ್ಲ, ಖರ್ಚು ಅಷ್ಟೇ ಇದೆ. ಮೂರನೇ ಬೆಳಗ್ಗೆ ಗಂಟು ಖಾಲಿ. ಬೇಸಿಗೆಯ ಮೊದಲ ಮಳೆಗೆ ಮೀನು ಸಾಯುವುದನ್ನು ನೋಡಿ ನಮ್ಮ ಹಿರಿಯರು "ಹೊಸ ಮಳೆ ನೀರು ಮೀನಿಗೆ ಆಗಲ್ಲ" ಅಂತಾರೆ. ಅವರು ನೋಡಿದ್ದು ಸರಿ. ಕಾರಣ ಮಾತ್ರ ಬೇರೆ ಇರಬಹುದು. ಬಿಸಿಲಲ್ಲಿ ಮೇಲಿನ ನೀರು ಕಾದು ಹಗುರವಾಗಿ ಮೇಲೇ ನಿಂತಿರುತ್ತೆ, ಕೆಳಗಿನ ತಣ್ಣನೆ ನೀರಿನಲ್ಲಿ ಆಮ್ಲಜನಕ ಮುಗಿದಿರುತ್ತೆ. ಗಾಳಿ-ಮಳೆ ಬಂದು ಮೇಲಿನ ನೀರು ತಣ್ಣಗಾದಾಗ ಎರಡೂ ಕಲೆಯುತ್ತವೆ. ತಳದ ಕೊಳೆತ ನೀರು ಮೇಲಕ್ಕೆ ಬರುತ್ತೆ.

ಮೇವಿನ ಕತೆ, ಅಮೋನಿಯಾದ ಕತೆ

ಆ 5,000 ಕೆಜಿ ಮೀನಿಗೆ ತೂಕದ ನೂರಕ್ಕೆ ಎರಡು ಪಾಲಿನಂತೆ ಮೇವು ಹಾಕಿದರೆ ದಿನಕ್ಕೆ 100 ಕೆಜಿ. ಮೇವಿನಲ್ಲಿ ಶೇ. 30 ಪ್ರೋಟೀನು ಇದ್ದು, ಪ್ರೋಟೀನಿನಲ್ಲಿ ಶೇ. 16 ಸಾರಜನಕ ಅಂತ ಹಿಡಿದರೆ 4.8 ಕೆಜಿ ಸಾರಜನಕ ಆಯಿತು. ಇದರಲ್ಲಿ ಮೀನಿನ ಮೈಗೆ ಸೇರುವುದು ಸುಮಾರು ಕಾಲುಭಾಗ. ಉಳಿದ 3.6 ಕೆಜಿ ನೀರಿಗೇ ಸೇರುತ್ತೆ. ಯೂರಿಯಾದಲ್ಲಿ ಶೇ. 46 ಸಾರಜನಕ. ಹಾಗಾದರೆ ಇದು ದಿನವೂ ಹತ್ತಿರ ಹತ್ತಿರ 8 ಕೆಜಿ ಯೂರಿಯಾವನ್ನು ಕೆರೆಗೆ ಚೆಲ್ಲಿದಂತೆ! ಗದ್ದೆಗೆ ಯೂರಿಯಾ ಹಾಕಿದರೆ ಪೈರು ಹಸಿರಾಗುತ್ತೆ. ಕೆರೆಗೆ ಹಾಕಿದರೆ ಪಾಚಿ ಹಸಿರಾಗುತ್ತೆ.

ಮೀನು ತನ್ನ ಕಿವಿರುಗಳಿಂದ ಅಮೋನಿಯಾ ಹೊರಹಾಕುತ್ತೆ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತೆ. ಅಮೋನಿಯಂ ಅಯಾನು ಅಷ್ಟು ಕೆಡುಕಲ್ಲ. ಅಯಾನಾಗದ ಅಮೋನಿಯಾ ಕಿವಿರನ್ನು ಸುಡುತ್ತೆ. ಲೀಟರಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆ ಇದ್ದರೂ ತೊಂದರೆ. ಯಾವುದು ಎಷ್ಟಿರಬೇಕು ಅಂತ ತೀರ್ಮಾನ ಮಾಡುವುದು ಪಿಎಚ್. 30 ಡಿಗ್ರಿ ಶಾಖದಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಶೇ. 1ಕ್ಕಿಂತ ಕಡಿಮೆ ಭಾಗ ಕೆಟ್ಟ ರೂಪದಲ್ಲಿರುತ್ತೆ. ಪಿಎಚ್ 8ಕ್ಕೆ ಶೇ. 7ರಿಂದ 8. ಪಿಎಚ್ 9ಕ್ಕೆ ಶೇ. 45ರ ಹತ್ತಿರ.

ಪಿಎಚ್ ಏರುವುದು ಯಾವಾಗ? ಪಾಚಿ ಬಿಸಿಲಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಾಗ. ಅಂದರೆ ಮಧ್ಯಾಹ್ನ. ಮೀನು ಕಿಕ್ಕಿರಿದ ಕೆರೆಯಲ್ಲಿ ಬೆಳಗಿನ ಜಾವ ಉಸಿರುಗಟ್ಟುತ್ತೆ, ಮಧ್ಯಾಹ್ನ ಕಿವಿರು ಸುಡುತ್ತೆ. ಸಾಯದಿದ್ದರೂ ಸೊರಗಿದ ಮೀನಿಗೆ ರೋಗ ಬೇಗ ಹತ್ತುತ್ತೆ. ಬೆಳವಣಿಗೆ ನಿಲ್ಲುತ್ತೆ. ಐದು ಸಾವಿರ ಮರಿ ಬಿಟ್ಟವನಿಗೆ ಸಿಗುವುದು ಐದರಷ್ಟು ಮೀನಲ್ಲ, ಸಂತೆಯಲ್ಲಿ ಯಾರೂ ಕೇಳದ ಬೆರಳುದ್ದದ ಮೀನು.

ಮೇವು ಹಾಕದಿದ್ದರೂ ಕೆಡುತ್ತೆ

"ನಾವು ಮೇವೇ ಹಾಕಲ್ಲ ಸಾರ್, ಕೆರೆಯದ್ದೇ ತಿಂದು ಬೆಳೀತವೆ" ಅನ್ನುವವರೂ ಇದ್ದಾರೆ. ಆಗಲೂ ಮೀನು ಹೆಚ್ಚಾದರೆ ನೀರು ಬದಲಾಗುತ್ತೆ. ಪಾಚಿಯನ್ನು ತಿಂದು ನೀರು ತಿಳಿಯಾಗಿಡುವ ಪುಟ್ಟ ಜೀವಿ ಒಂದಿದೆ, ನೀರುಚಿಗಟ. ಮೀನುಗಳಿಗೆ ಅದು ಬಲು ಇಷ್ಟ. ಮೀನು ಹೆಚ್ಚಾದರೆ ಚಿಗಟ ಖಾಲಿ. ಚಿಗಟ ಖಾಲಿಯಾದರೆ ಪಾಚಿಗೆ ಹಬ್ಬ. ಅಂದಿನ ಚೆಕೊಸ್ಲೊವಾಕಿಯಾದ ಯಾರೊಸ್ಲಾವ್ ಹ್ರಬಾಚೆಕ್ ಮತ್ತು ಜೊತೆಯವರು ಎಲ್ಬ್ ನದಿಯ ಪಕ್ಕದ ನಿಂತ ನೀರುಗಳಲ್ಲಿ ಇದನ್ನು ಕಂಡು 1961ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ನೀರು ಹೇಗಿದೆಯೋ ಅದರಂತೆ ಮೀನು ಅಂತ ತಿಳಿದಿದ್ದರು. ಮೀನು ಎಷ್ಟಿದೆಯೋ ಅದರಂತೆ ನೀರೂ ಆಗುತ್ತೆ ಅಂತ ಅವರು ತೋರಿಸಿದರು.

ಸಾಮಾನ್ಯ ಗೆಂಡೆಯದ್ದು ಇನ್ನೊಂದು ರೀತಿ. ಅದು ಹಂದಿಯ ಹಾಗೆ ತಳದ ಕೆಸರನ್ನು ಮೂತಿಯಿಂದ ಅಗೆದು ಹುಳ ತಿನ್ನುತ್ತೆ. ಕೆಸರು ಕದಡಿ ಅದರಲ್ಲಿದ್ದ ರಂಜಕ ಮೇಲೆ ಬರುತ್ತೆ. ನೀರು ರಾಡಿಯಾದರೆ ತಳದ ಗಿಡಗಳಿಗೆ ಬೆಳಕಿಲ್ಲ. ಗಿಡ ಹೋದರೆ ಕೆಸರನ್ನು ಹಿಡಿದಿಡುವ ಬೇರೂ ಹೋಯಿತು.

ಇನ್ನು ನಮ್ಮ ಸಂತೆಯ ಜಿಲೇಬಿ ಮೀನು, ಅಂದರೆ ಟಿಲಾಪಿಯಾ. ಆಫ್ರಿಕಾ ಮೂಲದ ಇದು 1952ರಲ್ಲಿ ಭಾರತಕ್ಕೆ ಬಂತು. ಎರಡು-ಮೂರು ತಿಂಗಳಿಗೇ ಮರಿ ಮಾಡಲು ಶುರುಮಾಡುತ್ತೆ. ಮೊಟ್ಟೆ, ಮರಿಗಳನ್ನು ತಾಯಿ ಬಾಯಲ್ಲೇ ಇಟ್ಟು ಕಾಯುತ್ತೆ. ಹಾಗಾಗಿ ನೀವು ಲೆಕ್ಕ ಹಾಕಿ ಮರಿ ಬಿಟ್ಟಿದ್ದರೂ ಈ ಮೀನು ಕೆರೆಗೆ ಸೇರಿದರೆ ಲೆಕ್ಕ ಅದರ ಕೈಗೆ ಹೋಗುತ್ತೆ.

ಆಫ್ರಿಕನ್ ಕ್ಯಾಟ್‌ಫಿಶ್ ವಿಷಯವನ್ನು ಮಕ್ಕಳಿಗೆ ಹೇಳಲೇಬೇಕು. ಇದನ್ನು ಸಾಕುವುದಕ್ಕೆ ನಮ್ಮ ದೇಶದಲ್ಲಿ ನಿಷೇಧವಿದೆ. ಆದರೂ ಕದ್ದು ಸಾಕುವವರು ಸಣ್ಣ ಗುಂಡಿಯಲ್ಲಿ ಲೆಕ್ಕವಿಲ್ಲದಷ್ಟು ತುಂಬಿ, ಕೋಳಿ-ಮಾಂಸದ ಅಂಗಡಿಯ ಕಸ ಹಾಕುತ್ತಾರೆ. ನೀರು ನಾರುತ್ತೆ, ಮೀನು ಮಾತ್ರ ಸಾಯಲ್ಲ. ಯಾಕೆ? ಅದಕ್ಕೆ ಕಿವಿರಿನ ಜೊತೆಗೆ ಗಾಳಿಯನ್ನೇ ನೇರವಾಗಿ ಉಸಿರಾಡುವ ಅಂಗವಿದೆ. "ಮೀನು ಬದುಕಿದೆ ಅಂದ್ರೆ ನೀರು ಚೆನ್ನಾಗಿದೆ" ಅನ್ನುವ ಮಾತು ಎಲ್ಲ ಮೀನಿಗೂ ಸಲ್ಲುವುದಿಲ್ಲ.

ಚರಂಡಿ ನೀರೂ ಮೇವಿನ ಹಾಗೇ

ಬೆಂಗಳೂರಿನ ಸ್ಯಾಂಕಿ ಕೆರೆಯಲ್ಲಿ 1995ರ ಜೂನ್‌ನಲ್ಲಿ ಮೀನು ಸತ್ತಾಗ ವಿಜ್ಞಾನಿಗಳು ನೀರನ್ನು ಪರೀಕ್ಷಿಸಿದರು. ಕೆರೆಗೆ ಚರಂಡಿ ನೀರು ಸೇರಿ ಕೆಲವು ಕಡೆ ಕರಗಿದ ಆಮ್ಲಜನಕ ಒಮ್ಮೆಲೇ ಕುಸಿದದ್ದೇ ಕಾರಣ ಅಂತ ಕಂಡುಬಂತು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ತೇಲಿದ ಚಿತ್ರ ನೀವು ಪತ್ರಿಕೆಯಲ್ಲಿ ನೋಡಿರಬಹುದು. ಚರಂಡಿ ಆಗಲಿ, ಕೋಳಿ ಗೊಬ್ಬರ ಆಗಲಿ, ತಿನ್ನದೆ ಉಳಿದ ಹಿಂಡಿ-ತೌಡು ಆಗಲಿ, ಬ್ಯಾಕ್ಟೀರಿಯಾಕ್ಕೆ ಎಲ್ಲವೂ ಊಟವೇ. ಊರ ಚರಂಡಿ ಸೇರುವ ಕೆರೆ ಆಗಲೇ ಅರ್ಧ ಹೊಟ್ಟೆ ತುಂಬಿಕೊಂಡಿದೆ. ಅಂಥ ಕೆರೆಗೆ ಪುಸ್ತಕದಲ್ಲಿರುವಷ್ಟು ಮರಿ ಬಿಟ್ಟರೂ ಅದು ಹೆಚ್ಚೇ.

ಪುಸ್ತಕದ ಅಳತೆ ಏನು? ಗೊಬ್ಬರ, ಮೇವು ಹಾಕಿ ದಿನವೂ ನೋಡಿಕೊಳ್ಳುವ ಸಾಕಣೆ ಕೊಳಕ್ಕೆ ಹೆಕ್ಟೇರಿಗೆ 5,000ದಿಂದ 10,000 ಬಲಿತ ಮರಿ. ದೊಡ್ಡ ಜಲಾಶಯಕ್ಕೆ ಹೆಕ್ಟೇರಿಗೆ ಬರೀ ಕೆಲವು ನೂರು. ಕೊಳದ ಅಳತೆಯನ್ನು ಕೆರೆಗೆ ಹಾಕುವುದು ಒಂದು ತಪ್ಪು. ತುಂಬಿದ ಕೆರೆಯ ವಿಸ್ತಾರಕ್ಕೆ ಮರಿ ಲೆಕ್ಕ ಹಾಕಿ, ಏಪ್ರಿಲ್‌ನಲ್ಲಿ ಕೆರೆ ಕಾಲುಭಾಗಕ್ಕೆ ಇಳಿಯುತ್ತೆ ಅನ್ನುವುದನ್ನು ಮರೆಯುವುದು ಇನ್ನೂ ದೊಡ್ಡ ತಪ್ಪು. ಬೇಸಿಗೆಯಲ್ಲಿ ಮೀನು ದೊಡ್ಡದಾಗಿರುತ್ತೆ, ಮನೆ ಚಿಕ್ಕದಾಗಿರುತ್ತೆ.

ಉಸಿರುಗಟ್ಟಿದ್ದಾ, ವಿಷವಾ?

ಇನ್ನು ಆ ಬೆಳಗ್ಗೆಗೆ ಬರೋಣ. ಪ್ರಯೋಗಾಲಯ ಇಲ್ಲದೆಯೂ ನೋಡಬಹುದಾದ ಗುರುತುಗಳಿವೆ.

ಆಮ್ಲಜನಕ ಕಡಿಮೆಯಾಗಿದ್ದರೆ: ಬೆಳಗಿನ ಜಾವ ಶುರುವಾಗುತ್ತೆ. ಮೀನುಗಳು ಮೇಲೆ ಬಂದು ಬಾಯಿ ತೆರೆದು ಗುಟುಕುಗುಟುಕಾಗಿ ಗಾಳಿಗೆ ಹಾತೊರೆಯುತ್ತವೆ. ದೊಡ್ಡ ಮೀನು ಮೊದಲು ಸಾಯುತ್ತೆ, ಪುಟ್ಟವು ಉಳಿಯುತ್ತವೆ. ಗಾಳಿ ಉಸಿರಾಡಬಲ್ಲ ಕೊರವ ಮೀನು, ಸಂತೆಯಲ್ಲಿ ವಿರಾಲ್ ಅನ್ನುತ್ತಾರಲ್ಲ ಅದು, ಸಾಮಾನ್ಯವಾಗಿ ಬದುಕಿರುತ್ತೆ. ಕಪ್ಪೆಗಳೂ ಉಳಿದಿರುತ್ತವೆ. ಹಿಂದಿನ ದಿನಗಳಲ್ಲಿ ಮೋಡ, ಸೆಕೆ, ಮಳೆ ಇದ್ದಿರುತ್ತೆ. ನೀರು ಕಡು ಹಸಿರಿನಿಂದ ಕಂದಿಗೆ ತಿರುಗಿರಬಹುದು.

ವಿಷವಾಗಿದ್ದರೆ: ಹೊತ್ತಿನ ಲೆಕ್ಕವಿಲ್ಲ, ನಡುಮಧ್ಯಾಹ್ನವೂ ಸಾಯಬಹುದು. ಪುಟ್ಟ ಮೀನು ಮೊದಲು, ಇಲ್ಲವೇ ಎಲ್ಲ ಅಳತೆಯವೂ ಒಟ್ಟಿಗೆ. ನೀರಿನ ಹುಳ-ಹುಪ್ಪಟೆ, ಕಪ್ಪೆಗಳೂ ಸಾಯುತ್ತವೆ. ಮೀನು ಗಿರಗಿರ ಸುತ್ತುವುದು, ಅಡ್ಡಾದಿಡ್ಡಿ ನುಗ್ಗುವುದು ಕಾಣಬಹುದು.

ಒಂದೇ ಗುರುತಿನಿಂದ ತೀರ್ಪು ಕೊಡಬಾರದು. ಎರಡೂ ಒಟ್ಟಿಗೆ ಆಗಿರಲೂಬಹುದು. ಕೀಟನಾಶಕದ ಡ್ರಮ್ಮನ್ನು ಕೆರೆಯಲ್ಲಿ ತೊಳೆಯುವುದು ಯಾವತ್ತೂ ತಪ್ಪೇ. ಆದರೆ ಐದಾರು ಗುರುತು ಒಂದೇ ಕಡೆ ಬೊಟ್ಟು ಮಾಡಿದರೆ ಊರ ಮುಂದೆ ಹೇಳಲು ಒಂದು ಮಾತಾದರೂ ಇರುತ್ತೆ. ನೀರನ್ನು ಶುದ್ಧ ಬಾಟಲಿಯಲ್ಲಿ ಹಿಡಿದು, ಹೊತ್ತು ಬರೆದು, ಮೀನುಗಾರಿಕೆ ಇಲಾಖೆಗೆ ತಿಳಿಸಿ. ಸತ್ತ ಮೀನನ್ನು ತಿನ್ನಬಾರದು, ಮಾರಬಾರದು. ಸುಣ್ಣ ಹಾಕಿ ಆಳವಾಗಿ ಹೂಳಬೇಕು. ದನಗಳನ್ನೂ ಆ ನೀರಿಗೆ ಬಿಡಬಾರದು.

ತರಗತಿಯಲ್ಲಿ ಮಾಡಿ ನೋಡಿ

ಮೀನನ್ನು ಹಿಂಸಿಸದೆ ಇದನ್ನೆಲ್ಲ ತೋರಿಸಬಹುದು. ಒಂದೇ ಅಳತೆಯ ಎರಡು ಪಾರದರ್ಶಕ ಬಾಟಲಿ ತೆಗೆದುಕೊಳ್ಳಿ. ಉಗುರುಬೆಚ್ಚಗಿನ ಸಕ್ಕರೆ ನೀರಿನಲ್ಲಿ ಯೀಸ್ಟ್ ಕದಡಿ ಇಟ್ಟುಕೊಳ್ಳಿ. ಒಂದು ಬಾಟಲಿಗೆ ಅದರ ಒಂದು ಚಮಚ, ಇನ್ನೊಂದಕ್ಕೆ ನಾಲ್ಕು ಚಮಚ. ಎರಡಕ್ಕೂ ಕುತ್ತಿಗೆವರೆಗೆ ನೀರು ತುಂಬಿ, ಕೆನ್ನೆಯ ಕೋಶ ನೋಡಲು ಬಳಸುವ ಮೆಥಿಲೀನ್ ಬ್ಲೂ ಕೆಲವು ಹನಿ ಹಾಕಿ ತಿಳಿನೀಲಿ ಮಾಡಿ ಮುಚ್ಚಿಡಿ. ಆಮ್ಲಜನಕ ಇರುವವರೆಗೆ ನೀಲಿ ಉಳಿಯುತ್ತೆ. ಮುಗಿದರೆ ಬಣ್ಣ ಹೋಗುತ್ತೆ. ಯಾವ ಬಾಟಲಿ ಮೊದಲು ಬಿಳುಪಾಯಿತು? ಎಷ್ಟು ನಿಮಿಷಕ್ಕೆ? ಆಮೇಲೆ ಸ್ವಲ್ಪ ನೀರು ಚೆಲ್ಲಿ, ಗಾಳಿಗೆ ಜಾಗ ಮಾಡಿ, ಮುಚ್ಚಿ ಜೋರಾಗಿ ಕುಲುಕಿ. ನೀಲಿ ವಾಪಸ್ ಬರುತ್ತೆ! ಮೀನು ಸಾಕುವವರು ಕೊಳದಲ್ಲಿ ಗಾಳಿಯಂತ್ರ ತಿರುಗಿಸುವುದು, ಪಂಪಿನಿಂದ ನೀರು ಎತ್ತಿ ಕೆರೆಗೇ ಚಿಮ್ಮಿಸುವುದು ಇದಕ್ಕೇ.

ಕೆರೆಗೆ ಒಂದು ದಿನಚರಿ ಇಡಿ. ಹಳೇ ಡಬ್ಬಿಯ ಮುಚ್ಚಳವನ್ನು ನಾಲ್ಕು ಭಾಗ ಮಾಡಿ ಕಪ್ಪು-ಬಿಳಿ ಬಳಿದು, ಭಾರ ಕಟ್ಟಿ, ಗಂಟು ಹಾಕಿದ ಹಗ್ಗದಲ್ಲಿ ಇಳಿಬಿಡಿ. ಎಷ್ಟು ಆಳಕ್ಕೆ ಕಣ್ಮರೆಯಾಗುತ್ತೆ ನೋಡಿ. ಮೀನಿನ ಕೊಳದ ಹಸಿರು ನೀರಿನಲ್ಲಿ 30ರಿಂದ 45 ಸೆಂಟಿಮೀಟರ್ ಒಳ್ಳೆಯದು. 20ಕ್ಕಿಂತ ಕಡಿಮೆ ಆದರೆ ಪಾಚಿ ಮಿತಿ ಮೀರಿದೆ. ವಾರಕ್ಕೊಮ್ಮೆ ಈ ಅಳತೆ, ನೀರಿನ ಶಾಖ, ಬೆಳಗ್ಗೆ ಮತ್ತು ಮಧ್ಯಾಹ್ನದ ಪಿಎಚ್, ಆಕಾಶ ಹೇಗಿತ್ತು, ಕೆರೆಯಲ್ಲಿ ನೀರು ಎಷ್ಟಿದೆ, ಇಷ್ಟು ಬರೆದರೆ ಸಾಕು. ಕೆರೆ ಕಟ್ಟೆಯಿಂದಲೇ, ದೊಡ್ಡವರ ಜೊತೆಯಲ್ಲೇ ಮಾಡಿಸಿ. ಮಕ್ಕಳನ್ನು ನೀರಿಗೆ ಇಳಿಸಬೇಡಿ, ಬೆಳಗಿನ ಜಾವ ಒಬ್ಬೊಬ್ಬರನ್ನೇ ಕಳಿಸಬೇಡಿ.

ಅಳತೆ ಕೆಟ್ಟ ಕಡೆ ವಾಲುತ್ತಿದ್ದರೆ ಏಲ ಹಿಡಿದವರಿಗೆ ಸಮಾಧಾನವಾಗಿ ಹೇಳಿ: "ಅಣ್ಣಾ, ಮೋಡ ಇದ್ದ ದಿನ ಮೇವು ನಿಲ್ಲಿಸಿ. ಬೇಸಿಗೇಲಿ ಗೊಬ್ಬರ ಹಾಕಬೇಡಿ. ನೀರು ಇಳಿಯೋ ಮುಂಚೆ ದೊಡ್ಡ ಮೀನು ಒಂದಷ್ಟು ಹಿಡಿದುಬಿಡಿ." ಮೂರನೆಯದೇ ಎಲ್ಲಕ್ಕಿಂತ ಒಳ್ಳೆ ಮದ್ದು. ಅವರಿಗೂ ಫೆಬ್ರವರಿ-ಮಾರ್ಚ್‌ನಲ್ಲೇ ಸ್ವಲ್ಪ ದುಡ್ಡು ಕೈಗೆ ಬರುತ್ತೆ, ಉಳಿದ ಮೀನಿಗೂ ಉಸಿರು ಸಿಗುತ್ತೆ.

ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಆ ದಿನ ನೆನಪಿನಲ್ಲಿ ಉಳಿದದ್ದು ಇಷ್ಟು: ಹಿಂದಿನ ಸಂಜೆ ಗಾಳಿ-ಮಳೆ ಬಂದಿತ್ತು. ತೇಲುತ್ತಿದ್ದದ್ದು ಹೆಚ್ಚಾಗಿ ದೊಡ್ಡ ಕಾಟ್ಲಾ. ದಡದಲ್ಲಿ ಪುಟ್ಟ ಜಿಲೇಬಿ ಮೀನುಗಳು ಓಡಾಡುತ್ತಿದ್ದವು. ಇವು ಯಾವ ಕಡೆ ಬೊಟ್ಟು ಮಾಡುತ್ತವೆ ಅಂತ ನಿಮಗೆ ಈಗ ಗೊತ್ತು. ಆದರೆ ಹೇಳಬೇಕಾದ ದಿನ ನನಗೆ ಗೊತ್ತಿರಲಿಲ್ಲ. ಆ ಮನೆಯವರ ಜೊತೆ ಊರಿನವರು ಸರಿಯಾಗಿ ಮಾತಾಡಲು ಬಹಳ ಕಾಲ ಬೇಕಾಯಿತು.

ನಿಮ್ಮ ಶಾಲೆಯ ಹತ್ತಿರವೂ ಒಂದು ಕೆರೆ ಇರಬಹುದು. ಈ ವಾರವೇ ಒಂದು ನೋಟ್‌ಪುಸ್ತಕ ತೆಗೆದು ಅದರ ಹೆಸರು ಬರೆಯಿರಿ. ಮೊದಲ ಪುಟಕ್ಕೆ ಇವತ್ತಿನ ತಾರೀಕು, ಮುಚ್ಚಳ ಕಣ್ಮರೆಯಾದ ಆಳ, ನೀರಿನ ಶಾಖ. ಮೂರು ತಿಂಗಳು ಬರೆದ ಮೇಲೆ ನಿಮ್ಮ ಮಕ್ಕಳ ಅಂಕಿಗಳನ್ನು ನಮ್ಮ ಪತ್ರಿಕೆಗೆ ಕಳಿಸಿ. ಬೇರೆ ಬೇರೆ ಊರಿನ ಕೆರೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.